ಕುಡು ಬೇಟೆಗೆ ಹೊಸ ರೈಫಲ್ ಬೇಕಾ?

ಪ್ರಶ್ನೆ: ಜೂನ್‌ನಲ್ಲಿ ಟೆಕ್ಸಾಸ್‌ನಿಂದ ನಮೀಬಿಯಾಕ್ಕೆ ಬೇಟೆಗೆ ಹೋಗುತ್ತಿದ್ದೇನೆ. ಕುಡು, ಓರಿಕ್ಸ್, ವಿಲ್ಡ್‌ಬೀಸ್ಟ್ (ಮೂರೂ ಆಫ್ರಿಕಾದ ದೊಡ್ಡ ಹುಲ್ಲೆಗಳು) ಹೊಡೆಯುವ ಆಸೆ. ನನ್ನ ಹತ್ತಿರ .30-06 ತೋಟಾ ಹಾಕುವ ರೈಫಲ್ ಇದೆ. ಗೆಳೆಯರು ಅದು ಸಾಲದು, ಅದಕ್ಕಿಂತ ಜೋರಾದ .300 ವಿಂಚೆಸ್ಟರ್ ಮ್ಯಾಗ್ನಮ್ ತಗೋ ಅನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ತಗೋಬೇಡಿ. ಪ್ರತಿ ಸೀಸನ್‌ನಲ್ಲೂ ಇದೇ ಪ್ರಶ್ನೆ. ಕೇಳುವವರೆಲ್ಲ ಅಂಗಡಿಯವರ ಮಾತಿಗೆ ಹೆದರಿದವರೇ. ನಮೀಬಿಯಾದ ನಿಯಮದ ಪ್ರಕಾರ ಈ ಮೂರೂ ಪ್ರಾಣಿಗಳಿಗೆ, ಗುಂಡು ನಳಿಗೆ ಬಿಡುವಾಗ ಕನಿಷ್ಠ 2,700 ಜೂಲ್ ಶಕ್ತಿ ಇರಬೇಕು. 180 ಗ್ರೇನ್ (ಸುಮಾರು 12 ಗ್ರಾಂ) ತೂಕದ ಗುಂಡು ಹಾಕಿದ .30-06 ಸುಮಾರು 3,900 ಜೂಲ್ ಕೊಡುತ್ತದೆ. ಇನ್ನೆಷ್ಟು ಬೇಕು?

ಮ್ಯಾಗ್ನಮ್ ಹೊಡೆದಾಗ ಭುಜಕ್ಕೆ ಜಾಸ್ತಿ ಒದೆಯುತ್ತದೆ. ಒದೆತಕ್ಕೆ ಹೆದರಿದವನು ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಾನೆ. ಗುಂಡು ಹೊಟ್ಟೆಗೆ ಬೀಳುತ್ತದೆ. ಆ ಪ್ರಾಣಿ ಮುಳ್ಳುಪೊದೆಯಲ್ಲಿ ಗಂಟೆಗಟ್ಟಲೆ ನರಳುತ್ತದೆ. ಗಾಯಗೊಂಡು ತಪ್ಪಿಸಿಕೊಂಡರೂ ಸಾಮಾನ್ಯವಾಗಿ ಆ ಪ್ರಾಣಿಯ ಪೂರ್ತಿ ಬೇಟೆ ಶುಲ್ಕ ಕಟ್ಟಬೇಕು. ದುಡ್ಡು ಹಾಳಾಗಲಿ, ನರಳಿಸಿ ಬಿಟ್ಟು ಬರುವುದನ್ನು ನಾನು ಬೇಟೆ ಎಂದು ಒಪ್ಪುವುದಿಲ್ಲ.

ಹೊಸ ರೈಫಲ್‌ಗೆ ಇಟ್ಟ ಹಣವನ್ನು ಒಳ್ಳೆಯ ತೋಟಾಗಳಿಗೆ ಹಾಕಿ. ವಿಲ್ಡ್‌ಬೀಸ್ಟ್‌ನ ಭುಜದ ಮೂಳೆ ಗಟ್ಟಿ. ತೆಳು ಕವಚದ ಅಗ್ಗದ ಗುಂಡು ಮೂಳೆಗೆ ತಾಗಿದ ಕೂಡಲೇ ಚೂರಾಗಬಹುದು. ಸುಲಭಕ್ಕೆ ಒಡೆಯದ ಗಟ್ಟಿ ಗುಂಡುಗಳಾದ ನೋಸ್ಲರ್ ಪಾರ್ಟಿಷನ್, ಸ್ವಿಫ್ಟ್ ಎ-ಫ್ರೇಮ್, ಬಾರ್ನ್ಸ್ ಟಿಎಸ್‌ಎಕ್ಸ್, ಇವುಗಳಲ್ಲಿ ನಿಮ್ಮ ನಳಿಗೆಗೆ ಯಾವುದು ಒಗ್ಗುತ್ತದೋ ಅದು. ಆರಿಸಿದ ಮೇಲೆ ಬದಲಿಸಬೇಡಿ.

ಇನ್ನು ಅಭ್ಯಾಸ. ಬೆಂಚಿನ ಮೇಲೆ ರೈಫಲ್ ಇಟ್ಟು ಒಂದೇ ತೂತಿಗೆ ಮೂರು ಗುಂಡು ಹೊಡೆದ ಫೋಟೊ ದಯವಿಟ್ಟು ಕಳಿಸಬೇಡಿ. ಅಲ್ಲಿ ಬೆಂಚು ಇರುವುದಿಲ್ಲ. ಗೈಡ್ ರೈಫಲ್ ಆನಿಸಲು ಮೂರು ಕಾಲಿನ ಕೋಲು ನೆಡುತ್ತಾನೆ, ನೀವು ಏದುಸಿರಲ್ಲಿ ನಿಂತೇ ಹೊಡೆಯಬೇಕು. ಸಾಮಾನ್ಯವಾಗಿ ದೂರ 100ರಿಂದ 200 ಮೀಟರ್. ಅಂಥದ್ದೇ ಕೋಲು ಈಗಲೇ ತನ್ನಿ. ಮನೆಯಲ್ಲಿ ಖಾಲಿ ರೈಫಲ್ ಹಿಡಿದು ದಿನಾ ಅಭ್ಯಾಸ ಮಾಡಿ, ಶೂಟಿಂಗ್ ರೇಂಜ್‌ನಲ್ಲಿ ಗುಂಡು ಹೊಡೆದು ಅಭ್ಯಾಸ ಮಾಡಿ. ವಿಮಾನದಲ್ಲಿ ಸ್ಕೋಪ್ (ಗುರಿ ನೋಡುವ ದೂರದರ್ಶಕ) ಅಲುಗಾಡಿರಬಹುದು. ಅಲ್ಲಿಗೆ ಹೋದ ಮೇಲೂ ಮೊದಲು ಗುರಿಹಲಗೆಗೆ ಹೊಡೆದು ನೋಡಿ.

ಟೆಕ್ಸಾಸ್ ಜಿಂಕೆಗೆ ಹೊಡೆದ ಹಾಗೆ ಭುಜದ ಹಿಂದೆ ಗುರಿ ಇಟ್ಟರೆ ಕೆಟ್ಟಿರಿ. ಈ ಪ್ರಾಣಿಗಳ ಹೃದಯ ಇನ್ನೂ ಮುಂದೆ, ಕೆಳಗೆ ಇರುತ್ತದೆ. ಪೂರ್ತಿ ಅಡ್ಡ ನಿಂತಿರುವಾಗ ಮುಂಗಾಲಿನ ನೇರಕ್ಕೆ, ಎದೆಯ ತಳದಿಂದ ಮೂರನೇ ಒಂದು ಭಾಗ ಮೇಲೆ ಹೊಡೆಯಿರಿ. ಪ್ರಾಣಿ ನಿಂತ ರೀತಿ ಸರಿಯಿಲ್ಲ ಅನ್ನಿಸಿತಾ? ರೈಫಲ್ ಇಳಿಸಿ. ಗೈಡ್ ಅವಸರ ಮಾಡಿದರೂ ಇಳಿಸಿ.

ಪ್ರಶ್ನೆ: .223 ಎಂಬ ಸಣ್ಣ ತೋಟಾದ ರೈಫಲ್ ಹಗುರ. ತಲೆಗೆ ಹೊಡೆದರೆ ಕುಡುಗೆ ಅದೇ ಸಾಕಲ್ವಾ?

ಉತ್ತರ: ಸಾಕಾಗಲ್ಲ, ಅಲ್ಲಿ ಅದಕ್ಕೆ ಕಾನೂನಿನ ಒಪ್ಪಿಗೆಯೂ ಇಲ್ಲ. ತಲೆಗೆ ಹೊಡೆಯಿರಿ ಎನ್ನುವ ಯೂಟ್ಯೂಬ್ ಪಂಡಿತರು, ದವಡೆ ಮುರಿದು ಮೇಯಲಾಗದೆ ಸಾಯುವ ಪ್ರಾಣಿಯನ್ನು ನಿಮಗೆ ತೋರಿಸುವುದಿಲ್ಲ.

ಪ್ರಶ್ನೆ: ನಾವು ಮಡಿಕೇರಿಯವರು. ಮನೆತನದ ತೋಟಾ ಕೋವಿ ಒಯ್ಯಬಹುದಾ? ಇಲ್ಲೇ ಕಾಡಿನಲ್ಲಿ ಅಭ್ಯಾಸ ಮಾಡಬಹುದಾ?

ಉತ್ತರ: ಎರಡೂ ಬೇಡ. ಕೊಡವರಿಗಿರುವ ಲೈಸೆನ್ಸ್ ವಿನಾಯಿತಿ ನಮೀಬಿಯಾದಲ್ಲಿ ನಡೆಯುವುದಿಲ್ಲ. 1972ರ ವನ್ಯಜೀವಿ ಕಾಯ್ದೆ ಇರುವಾಗ ಕಾಡಿನ ಮಾತು ಎತ್ತಲೇಬೇಡಿ. ಬೇಟೆ ಏರ್ಪಡಿಸುವವರ ಬಳಿಯೇ ಬಾಡಿಗೆಗೆ ರೈಫಲ್ ಸಿಗುತ್ತದೆ. ಯಾವ ತೋಟಾ ಕೊಡುತ್ತಾರೆ ಎಂದು ಮೊದಲೇ ಬರೆದು ಕೇಳಿ.