ಎಸ್ಎಸ್ಎಲ್‌ಸಿ ಪಾಸಾದ ಮಕ್ಕಳು ಜೂನ್‌ನಲ್ಲಿ ಎಲ್ಲಿಗೆ ಹೋಗುತ್ತಾರೆ?

ಪ್ರಶ್ನೆ: ನಾನು ಜಗಳೂರು ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ಶಿಕ್ಷಕಿ. ನಮ್ಮ ಮಕ್ಕಳ ಮನೆಗಳಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರೇ ಇಲ್ಲ. ಒಳ್ಳೆ ಮಾರ್ಕ್ಸ್ ತಗೊಂಡು ಪಾಸಾದವರಲ್ಲೂ ಪ್ರತಿವರ್ಷ ಕೆಲವರು ಮುಂದಕ್ಕೆ ಸೇರೋದಿಲ್ಲ. ಕೇಳಿದರೆ "ದುಡ್ಡಿಲ್ಲ ಮೇಡಂ" ಅಂತಾರೆ. ನಾನೇನು ಮಾಡಬಹುದು?

ಉತ್ತರ: ದುಡ್ಡಿಲ್ಲ ಅನ್ನೋದು ನಿಜ. ಆದರೆ ಅದು ಅರ್ಧ ಉತ್ತರ. ಇನ್ನರ್ಧ ಇರೋದು ಫಲಿತಾಂಶ ಬಂದ ಮೇಲಿನ ವಾರಗಳಲ್ಲಿ. ಆದಾಯ ಪತ್ರ ಮಾಡಿಸಿಲ್ಲ, ಆಧಾರ್‌ನಲ್ಲಿ ಒಂದು ಹೆಸರು ಮಾರ್ಕ್ಸ್ ಕಾರ್ಡ್‌ನಲ್ಲಿ ಇನ್ನೊಂದು, ಹಾಸ್ಟೆಲ್ ಅರ್ಜಿಯ ಕೊನೇ ದಿನ ಯಾವತ್ತು ಅಂತಲೇ ಗೊತ್ತಿಲ್ಲ, ಅಷ್ಟರಲ್ಲಿ ಊರಿನವರು ಯಾರೋ ಕರೆದರು ಅಂತ ಹುಡುಗ ಬೆಂಗಳೂರು ಬಸ್ ಹತ್ತಿರುತ್ತಾನೆ. ಓದಿದವರ ಮನೆಯಲ್ಲಿ ಅಪ್ಪನೋ ಚಿಕ್ಕಪ್ಪನೋ ಇದನ್ನೆಲ್ಲ ಸದ್ದಿಲ್ಲದೆ ಮುಗಿಸಿರುತ್ತಾರೆ. ನಿಮ್ಮ ಮಕ್ಕಳಿಗೆ ಆ ಚಿಕ್ಕಪ್ಪ ಇಲ್ಲ. ಆ ಕೆಲಸ ಶಾಲೆಯೇ ಮಾಡಬೇಕು, ಅದೂ ಒಂಬತ್ತನೇ ತರಗತಿಯಲ್ಲೇ.

ಮೊದಲು ಕಾಗದ ಪತ್ರ. ನಾಡಕಚೇರಿಯಿಂದ ಬರುವ ಆದಾಯ ಪತ್ರ 5 ವರ್ಷ ನಡೆಯುತ್ತದೆ. ಒಂಬತ್ತರಲ್ಲಿ ಮಾಡಿಸಿದರೆ ಪಿಯುಸಿ ದಾಟುವವರೆಗೆ ಚಿಂತೆ ಇಲ್ಲ. ಅದರ ಮೇಲಿನ ಆರ್‌ಡಿ ನಂಬರನ್ನು ಮಗುವಿನ ನೋಟ್‌ಬುಕ್‌ನಲ್ಲೂ ನಿಮ್ಮ ರಿಜಿಸ್ಟರ್‌ನಲ್ಲೂ ಬರೆದಿಡಿ, ರಾಜ್ಯದ ಸ್ಕಾಲರ್‌ಶಿಪ್ ಅರ್ಜಿ ಹಾಕುವ ಎಸ್ಎಸ್‌ಪಿ ಪೋರ್ಟಲ್‌ನಲ್ಲಿ ಕೇಳೋದು ಅದನ್ನೇ. ಮಕ್ಕಳ ಆನ್‌ಲೈನ್ ದಾಖಲೆ ಇರುವ ಸ್ಯಾಟ್ಸ್‌ನಲ್ಲಿರುವ ಹೆಸರು, ಹುಟ್ಟಿದ ದಿನಾಂಕ, ತಂದೆ ಹೆಸರಿನ ಇನಿಷಿಯಲ್ ಆಧಾರ್‌ಗೆ ತಾಳೆ ಆಗುತ್ತಾ ನೋಡಿ. ಎಸ್ಎಸ್ಎಲ್‌ಸಿ ನೋಂದಣಿಗೆ ಮುಂಚೆ ಇದನ್ನು ಸರಿಮಾಡೋದು ಸುಲಭ, ಆಮೇಲೆ ಕಚೇರಿ ಕಚೇರಿ ಅಲೆದಾಟ.

ಬ್ಯಾಂಕ್ ವಿಷಯದಲ್ಲಿ ಎಲ್ಲರೂ ಎಡವೋದು ಒಂದೇ ಕಡೆ. "ಖಾತೆಗೆ ಆಧಾರ್ ಕೊಟ್ಟಿದ್ದೀವಿ ಸಾರ್" ಅಂತಾರೆ. ಕೊಟ್ಟಿರೋದು ಬೇರೆ, ಸರ್ಕಾರದ ಹಣ ಯಾವ ಖಾತೆಗೆ ಹೋಗಬೇಕು ಅಂತ ಆಧಾರ್ ಮೂಲಕ ಗುರುತಿಸುವ ಎನ್‌ಪಿಸಿಐನಲ್ಲಿ ಆ ಖಾತೆ ಮ್ಯಾಪ್ ಆಗಿರೋದು ಬೇರೆ. ಮ್ಯಾಪ್ ಆಗದಿದ್ದರೆ ಮಂಜೂರಾದ ಹಣ ಕೂಡ ಬಂದು ಸೇರೋದಿಲ್ಲ. ಬ್ಯಾಂಕಿಗೆ ಹೋಗಿ ಆ ಪದವನ್ನೇ ಹೇಳಿ ಕೇಳಬೇಕು. ಮೊಬೈಲ್ ನಂಬರೂ ಅಷ್ಟೇ. ಅಪ್ಪನ ಸಿಮ್ ರೀಚಾರ್ಜ್ ಇಲ್ಲದೆ ಬಂದ್ ಆಯ್ತು, ಓಟಿಪಿ ಬರಲಿಲ್ಲ, ಅರ್ಜಿ ನಿಂತಿತು. ಇಷ್ಟು ಸಣ್ಣ ಕಾರಣಕ್ಕೆ ಒಂದು ವರ್ಷದ ಸ್ಕಾಲರ್‌ಶಿಪ್ ಹೋಗುತ್ತದೆ ಅಂದರೆ ನಗಬೇಕೋ ಅಳಬೇಕೋ!

ಎಂಟನೇ ತರಗತಿಯವರನ್ನು ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್‌ಗಾಗಿ ನಡೆಯುವ ಎನ್ಎಂಎಂಎಸ್ ಪರೀಕ್ಷೆಗೆ ಕೂರಿಸುತ್ತಿದ್ದೀರಿ ಅಂದುಕೊಳ್ಳುತ್ತೇನೆ. ಪೋಷಕರ ಆದಾಯ ವರ್ಷಕ್ಕೆ 3.5 ಲಕ್ಷದೊಳಗಿದ್ದು ಆಯ್ಕೆಯಾದರೆ, ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಒಮ್ಮೆ ಬಂತು ಅಂತ ಸುಮ್ನೆ ಕೂತರೆ ನಿಂತುಹೋಗುತ್ತದೆ, ಪ್ರತಿವರ್ಷ ಕೇಂದ್ರದ ಸ್ಕಾಲರ್‌ಶಿಪ್ ಪೋರ್ಟಲ್ ಎನ್‌ಎಸ್‌ಪಿಯಲ್ಲಿ ನವೀಕರಿಸಬೇಕು. ಹತ್ತರಲ್ಲಿ 60% ಬೇಕು, ಎಸ್‌ಸಿ, ಎಸ್‌ಟಿ ಮಕ್ಕಳಿಗೆ 5% ರಿಯಾಯಿತಿ ಇದೆ. ಮುಖ್ಯವಾಗಿ, ಪಿಯುಸಿಯನ್ನೂ ಸರ್ಕಾರಿ ಅಥವಾ ಅನುದಾನಿತ ಕಾಲೇಜಿನಲ್ಲೇ ಓದಬೇಕು. ಖಾಸಗಿ ಕಾಲೇಜಿಗೆ ಸೇರಿಸಿದ ದಿನ ಆ ಹಣ ಕೈತಪ್ಪುತ್ತದೆ ಅಂತ ಪೋಷಕರಿಗೆ ಮೊದಲೇ ಯಾರೂ ಹೇಳಿರೋದಿಲ್ಲ.

ಇನ್ನೊಂದನ್ನು ಪೋಷಕರ ಸಭೆಯಲ್ಲಿ ಜೋರಾಗಿ ಹೇಳಿ. ಎಂಜಿನಿಯರಿಂಗ್‌ನಂಥ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಸಿಇಟಿಯ ಸೀಟು ಹಂಚುವಾಗ ಗ್ರಾಮೀಣ ಅಭ್ಯರ್ಥಿಗಳಿಗೆ 15%, ಕನ್ನಡ ಮಾಧ್ಯಮದವರಿಗೆ 5% ಮೀಸಲು ಇದೆ. ಎರಡಕ್ಕೂ ಒಂದರಿಂದ ಹತ್ತರವರೆಗೆ, ಪೂರ್ತಿ 10 ವರ್ಷದ ಓದು ಲೆಕ್ಕ. ಒಳ್ಳೇದಾಗಲಿ ಅಂತ ಮಗುವನ್ನು ಎಂಟನೇ ತರಗತಿಗೆ ದಾವಣಗೆರೆಯ ಇಂಗ್ಲಿಷ್ ಮೀಡಿಯಂಗೆ ಹಾಕಿದವರು ಎರಡನ್ನೂ ಒಂದೇ ಏಟಿಗೆ ಕಳೆದುಕೊಳ್ಳುತ್ತಾರೆ. ನಿಮ್ಮ ಹಳ್ಳಿ ಶಾಲೆ ಗ್ರಾಮೀಣ ಲೆಕ್ಕಕ್ಕೆ ಬರುತ್ತದೆ. ಜಗಳೂರು ಊರೊಳಗಿನ ಶಾಲೆ ಬರೋದಿಲ್ಲ, ಅದು ಪಟ್ಟಣ ಪಂಚಾಯಿತಿ. ಹತ್ತು ವರ್ಷದ ವ್ಯಾಸಂಗ ಪ್ರಮಾಣಪತ್ರ ಕೊಡಬೇಕಾದವರು ಮಗು ಓದಿದ ಶಾಲೆಗಳವರೇ, ಹಳೇ ರಿಜಿಸ್ಟರ್ ಹುಡುಕೋ ಕೆಲಸ ಸಿಇಟಿ ಹೊತ್ತಿಗೆ ಇಟ್ಟುಕೊಳ್ಳಬೇಡಿ.

ಅಂದಹಾಗೆ, ಪಕ್ಕದ ಹರಪನಹಳ್ಳಿಯವರಿಗೆ ಕಲ್ಯಾಣ ಕರ್ನಾಟಕದವರಿಗೆ ಸೀಟು, ಕೆಲಸಗಳಲ್ಲಿ ಮೀಸಲು ಕೊಡುವ 371ಜೆ ಇದೆ, ನಮಗೇಕಿಲ್ಲ ಅಂತ ನಿಮ್ಮ ಕಡೆ ಯಾವಾಗಲೂ ಕೇಳುತ್ತಾರೆ. ಹರಪನಹಳ್ಳಿ 2018ರಲ್ಲಿ 371ಜೆ ಪಟ್ಟಿಯಲ್ಲಿರುವ ಬಳ್ಳಾರಿ ಜಿಲ್ಲೆಗೆ ಹೋಯಿತು, ಈಗ ವಿಜಯನಗರ ಜಿಲ್ಲೆ. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳು ಆ ಪಟ್ಟಿಯಲ್ಲಿಲ್ಲ. ಅದನ್ನು ಕೊಡಿಸ್ತೀನಿ ಅಂತ ದುಡ್ಡು ಕೇಳುವವರನ್ನು ನಂಬಬೇಡಿ.

ಫೇಲಾದವರನ್ನೂ ಬಿಡಬೇಡಿ. ಎಸ್ಎಸ್ಎಲ್‌ಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆ. ಮೊದಲನೆಯದರಲ್ಲಿ ಗಣಿತ ಹೋಯಿತು ಅಂತ ಹುಡುಗಿಗೆ ಗಂಡು ನೋಡೋಕೆ ಶುರು ಮಾಡುವ ಮನೆಗಳಿವೆ. ಫಲಿತಾಂಶದ ದಿನವೇ ಫೋನ್ ಮಾಡಿ, ಎರಡನೇ ಪರೀಕ್ಷೆಗೆ ಕಟ್ಟಿಸಿ.

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತೇನೆ. ಮಗಳು ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿದ್ದಾಳೆ. ಸೈನ್ಸ್ ತಗೊಳ್ತೀನಿ ಅಂತಾಳೆ. ಕೋಚಿಂಗ್ ಇರೋ ಕಾಲೇಜಿಗೆ ಹಾಕದಿದ್ದರೆ ಪ್ರಯೋಜನ ಇಲ್ಲ ಅಂತಾರೆ. ಸಂಘದಲ್ಲಿ ಸಾಲ ಮಾಡಿ ಸೇರಿಸಲಾ?

ಉತ್ತರ: ಬೇಡ ಅಮ್ಮಾ. ವಾರ ವಾರ ಕಂತು ಕಟ್ಟುವ ಸಾಲ ಮಾಡಿ ಪಿಯುಸಿ ಓದಿಸಬೇಡಿ. ಡಿಗ್ರಿಗೆ ಬರುವ ಹೊತ್ತಿಗೆ ನಿಮ್ಮ ಕೈಯಲ್ಲೂ ಏನೂ ಉಳಿದಿರೋದಿಲ್ಲ, ಮಗಳ ಮೇಲೂ ಭಾರ.

ಎಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಅಂಕ ಪಿಯುಸಿಯದ್ದು, ಅರ್ಧ ಸಿಇಟಿಯದ್ದು. ಪಿಯುಸಿ ಪಠ್ಯಪುಸ್ತಕವನ್ನು ಸರಿಯಾಗಿ ಓದಿದ ಹುಡುಗಿ ಅರ್ಧ ದಾರಿ ಬಂದ ಹಾಗೆ. ಮೆಡಿಕಲ್ ಬೇಕು ಅಂದರೆ ನೀಟ್, ಅದು ಇನ್ನೂ ಕಷ್ಟ, ಸುಳ್ಳು ಹೇಳೋದಿಲ್ಲ. ಆದರೂ ಪಿಯುಸಿಗೇ ಲಕ್ಷ ಸುರಿಯೋದು ಅದಕ್ಕೆ ಉತ್ತರ ಅಲ್ಲ.

ಸರ್ಕಾರಿ ಕಾಲೇಜು ಅನ್ನೋದಕ್ಕೆ ನನ್ನ ಹತ್ತಿರ ಇನ್ನೊಂದು ಕಾರಣ ಇದೆ. ಅಜೀಂ ಪ್ರೇಮ್‌ಜಿ ಫೌಂಡೇಷನ್ ಹುಡುಗಿಯರಿಗೆ ಪದವಿ ಅಥವಾ ಡಿಪ್ಲೊಮಾ ಓದುವಾಗ ವರ್ಷಕ್ಕೆ 30,000 ರೂಪಾಯಿ ಕೊಡುತ್ತದೆ. ಷರತ್ತು ಏನು ಗೊತ್ತಾ? ಹತ್ತನೇ ತರಗತಿ, ಹನ್ನೆರಡನೇ ತರಗತಿ ಎರಡನ್ನೂ ಸರ್ಕಾರಿ ಸಂಸ್ಥೆಯಲ್ಲಿ ಓದಿರಬೇಕು. ಈಗ ಸಾಲ ಮಾಡಿ ಖಾಸಗಿಗೆ ಹಾಕಿದರೆ ಮುಂದೆ ಬರಬಹುದಾದ ಈ ಹಣಕ್ಕೂ ಕಲ್ಲು ಬಿತ್ತು. ಎಂಜಿನಿಯರಿಂಗ್ ಅಥವಾ ಡಿಪ್ಲೊಮಾ ಸೇರಿದ ಹುಡುಗಿಯರಿಗೆ ಕೇಂದ್ರದ ತಾಂತ್ರಿಕ ಶಿಕ್ಷಣ ಪರಿಷತ್ತು ಎಐಸಿಟಿಇಯ ಪ್ರಗತಿ ಸ್ಕಾಲರ್‌ಶಿಪ್ ಕೂಡ ಇದೆ, ಆಯ್ಕೆಯಾದರೆ ವರ್ಷಕ್ಕೆ 50,000. ಸಿಇಟಿ ಅರ್ಜಿ ತುಂಬುವಾಗ ಎಸ್‌ಎನ್‌ಕ್ಯೂ ಅನ್ನೋ ಕಾಲಂ ಬಿಡಬೇಡಿ. ಆದಾಯ 8 ಲಕ್ಷದೊಳಗಿನವರಿಗೆ ಬೋಧನಾ ಶುಲ್ಕ ಇಲ್ಲದ ಸೀಟುಗಳು ಅವು. ದಾವಣಗೆರೆಯ ಬಿಐಇಟಿಯಂಥ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳಲ್ಲೂ ಸಿಗುತ್ತವೆ.

ನಿಜವಾದ ತೊಂದರೆ ಬರೋದು ಭಾಷೆಯಲ್ಲಿ. ಕನ್ನಡದಲ್ಲಿ 'ವೇಗೋತ್ಕರ್ಷ' ಅಂತ ಕಲಿತ ಹುಡುಗಿಗೆ ಪಿಯುಸಿಯಲ್ಲಿ ಅದೇ ಆಕ್ಸಿಲರೇಷನ್ ಆಗಿ ಬರುತ್ತದೆ. ಬುದ್ಧಿವಂತ ಮಕ್ಕಳೇ ಮೊದಲ ಕಿರುಪರೀಕ್ಷೆಯಲ್ಲಿ ಕುಸಿದು "ನನಗೆ ಸೈನ್ಸ್ ಬರಲ್ಲ" ಅಂದುಬಿಡುತ್ತಾರೆ. ಬರಲ್ಲ ಅಂತಲ್ಲ, ಪದ ಹೊಸದು. ಕಾಲೇಜು ಶುರುವಾಗುವ ಮುಂಚಿನ ರಜೆಯಲ್ಲಿ ಹತ್ತನೇ ತರಗತಿಯ ವಿಜ್ಞಾನ, ಗಣಿತದ ಪುಸ್ತಕಗಳ ಇಂಗ್ಲಿಷ್ ಮಾಧ್ಯಮದ ಪ್ರತಿ ಯಾರಿಂದಾದರೂ ತಂದುಕೊಡಿ. ಪಾಠ ಗೊತ್ತಿರುವುದೇ ಆದ್ದರಿಂದ ಕನ್ನಡದ್ದನ್ನು ಪಕ್ಕದಲ್ಲಿಟ್ಟುಕೊಂಡು ಓದಲಿ. ಮೊದಲ ಆರು ತಿಂಗಳು ಮಾರ್ಕ್ಸ್ ಕಡಿಮೆ ಬಂದರೆ ಬೈಯಬೇಡಿ.

ಮತ್ತೆ, ಒರಿಜಿನಲ್ ಮಾರ್ಕ್ಸ್ ಕಾರ್ಡನ್ನು ಸೀಟು ಕೊಡಿಸ್ತೀನಿ ಅನ್ನುವ ಯಾವ ಏಜೆಂಟ್ ಕೈಗೂ ಕೊಡಬೇಡಿ. ಆ ಸೀಟು ಬೇಡ ಅಂತ ಹೊರಗೆ ಬರೋಕೆ ಹೋದರೆ ಆಮೇಲೆ ಅದೇ ಸಂಕೋಲೆ.

ಪ್ರಶ್ನೆ: ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವ ಮನೆ ನಮ್ಮದು. ಎಸ್ಎಸ್ಎಲ್‌ಸಿ ಆಗಿದೆ. ಬೇಗ ದುಡಿಯಬೇಕು, ಆದರೆ ಎಂಜಿನಿಯರ್ ಆಗೋ ಆಸೆಯೂ ಇದೆ. ಪಿಯುಸಿನಾ, ಡಿಪ್ಲೊಮಾನಾ?

ಉತ್ತರ: ನಿಮ್ಮ ಲೆಕ್ಕಕ್ಕೆ ಡಿಪ್ಲೊಮಾ. ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ ಓದಿದರೆ ಕೆಲಸಕ್ಕೆ ಹೋಗಬಹುದು, ಇಲ್ಲವಾದರೆ ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರವಾಗಿ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು. ಪಿಯುಸಿ ಆದಮೇಲೆ ನಿಂತರೆ ಕೈಯಲ್ಲಿ ಕಸುಬು ಇರೋದಿಲ್ಲ, ಡಿಪ್ಲೊಮಾ ಆದಮೇಲೆ ನಿಂತರೆ ಇರುತ್ತದೆ. ಮೊದಲ ಸೆಮಿಸ್ಟರ್ ಗಣಿತ ಹೆದರಿಸುತ್ತದೆ, ಅಲ್ಲಿ ಫೇಲಾದ ವಿಷಯ ಬಾಕಿ ಉಳಿಸಿಕೊಳ್ಳಬೇಡಿ. ಮೆಷಿನ್ ಕೆಲಸ ಇಷ್ಟ ಅಂದರೆ ಹರಿಹರದಲ್ಲಿರುವ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಜಿಟಿಟಿಸಿಯನ್ನೂ ವಿಚಾರಿಸಿ.

ಊರು ದೂರ, ಆದ್ದರಿಂದ ಸೀಟಿಗಿಂತ ಹಾಸ್ಟೆಲ್ ನಿಮಗೆ ದೊಡ್ಡ ವಿಷಯ. ಹಿಂದುಳಿದ ವರ್ಗಗಳ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್‌ಗೆ ಆನ್‌ಲೈನ್ ಅರ್ಜಿ ಬೇರೆಯೇ ಇರುತ್ತದೆ, ಕಾಲೇಜಿಗೆ ಸೇರಿದರೆ ತಾನಾಗಿ ಸಿಗೋದಿಲ್ಲ. ಸಿಗದೇ ಹೋದರೆ ಅದೇ ಇಲಾಖೆಯ ವಿದ್ಯಾಸಿರಿಗೆ ಹಾಕಿ, ಊಟ ವಸತಿಗೆ ಅಂತ ತಿಂಗಳ ಲೆಕ್ಕದಲ್ಲಿ ಹಣ ಕೊಡುತ್ತಾರೆ. ಆ ಹಣ ತಡವಾಗಿ ಬರುತ್ತದೆ, ಮೊದಲ ಕೆಲವು ತಿಂಗಳ ರೂಮ್ ಬಾಡಿಗೆಯನ್ನು ಈಗಿನಿಂದಲೇ ಎತ್ತಿಡಿ.