ಓಡುವಾಗ ಮೊಣಕಾಲಿನ ಕೆಳಗೆ ಮುಂದಿನ ಮೂಳೆ ನೋಯುತ್ತೆ, ಓಟ ಬಿಡ್ಬೇಕಾ?

ಪೂರ್ತಿ ಬಿಡೋದು ಬೇಡ, ಆದ್ರೆ ಎರಡು ಮೂರು ವಾರ ಕಮ್ಮಿ ಮಾಡ್ಲೇಬೇಕು, ನೋವು ಶುರು ಆಗದಷ್ಟು ದೂರಕ್ಕೆ ಇಳಿಸಿ, ಉಳಿದ ದಿನ ಸೈಕಲ್ಲೋ ಈಜೋ ಮಾಡಿ. ಇದನ್ನ ಶಿನ್ ಸ್ಪ್ಲಿಂಟ್ಸ್ ಅಂತಾರೆ.

ಕಾರಣ ಏನಂದ್ರೆ ಪ್ರತಿ ಹೆಜ್ಜೆಗೂ ಆ ಮೂಳೆ ಕೂದಲೆಳೆಯಷ್ಟು ಬಾಗುತ್ತೆ, ಆ ಒತ್ತಡಕ್ಕೆ ಹಳೇ ಮೂಳೆ ಸ್ವಲ್ಪ ಕರಗಿ ಹೊಸದು ಕಟ್ಕೊಳ್ಳುತ್ತೆ, ಕರಗೋದು ಬೇಗ, ಗಟ್ಟಿಯಾಗೋಕೆ ತಿಂಗಳುಗಳೇ ಬೇಕು, ಆದ್ರೆ ಉಸಿರು ಮಾತ್ರ ಮೂರ್ನಾಲ್ಕು ವಾರಕ್ಕೇ ಪಳಗಿಬಿಡುತ್ತಲ್ಲ, ನಾವು ಅದನ್ನ ನಂಬ್ಕೊಂಡು ದೂರ ಏರಿಸ್ತೀವಿ. 10 ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟು ಕೊನೇ ತಿಂಗಳಲ್ಲಿ ದಿಢೀರ್ ಅಂತ ಓಡೋರಿಗೆ ಇದು ಬರೋದು ಜಾಸ್ತಿ (ನಾನೂ ಅದೇ ಜಾತಿ, ಮನೆ ಮೆಟ್ಟಿಲು ಇಳಿಯೋಕೂ ಗೋಡೆ ಹಿಡ್ಕೊಂಡಿದ್ದೆ).

ವಾಪಸ್ ಶುರು ಮಾಡುವಾಗ ಹೆಜ್ಜೆ ಚಿಕ್ಕದು ಮಾಡಿ, ನಿಮಿಷಕ್ಕೆ 160 ಹೆಜ್ಜೆ ಹಾಕೋರು 170 ಹಾಕಿ, ಕಾಲು ದೇಹದ ಕೆಳಗೇ ಬೀಳುತ್ತೆ, ಏಟು ಕಮ್ಮಿ. ಮೆಟ್ಟಿಲ ಅಂಚಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸೋದು ದಿನಾ 15ರಂತೆ ಮೂರು ಸಲ, ಮೀನಖಂಡ ಗಟ್ಟಿಯಾದ್ರೆ ಮೂಳೆ ಮೇಲಿನ ಭಾರ ಇಳಿಯುತ್ತೆ. ಕಬ್ಬನ್ ಪಾರ್ಕಿನ ಮಣ್ಣು ದಾರಿ ಸಿಕ್ಕಿದ್ರೆ ಒಳ್ಳೇದೇ, ಆದ್ರೆ ಅದೊಂದರಿಂದ ವಾಸಿ ಆಗಲ್ಲ. ಐಸ್ ನೋವು ಮರೆಸುತ್ತೆ ಅಷ್ಟೇ.

ಒಂದು ಮಾತ್ರ ನೋಡ್ಕೊಳ್ಳಿ. ಬೆರಳಿಂದ ಒತ್ತಿದಾಗ ಮೂಳೆ ಉದ್ದಕ್ಕೂ ನೋಯೋ ಬದಲು ಒಂದೇ ಚುಕ್ಕೆಯಲ್ಲಿ ಚುಚ್ಚಿದ್ರೆ, ಇಲ್ಲಾ ರಾತ್ರಿ ಮಲಗಿದಾಗಲೂ ನೋಯ್ತಿದ್ರೆ, ಮೂಳೆ ಬಿರುಕು ಬಿಟ್ಟಿರಬಹುದು, ಓಟ ನಿಲ್ಲಿಸಿ ಮೂಳೆ ಡಾಕ್ಟ್ರ ಹತ್ರ ಹೋಗಿ, ಶುರುವಲ್ಲಿ ಎಕ್ಸ್‌ರೇಲಿ ಕಾಣ್ದೇನೂ ಇರುತ್ತೆ.