ಸಾರಿಗೆ ನಾಟಿ ಟೊಮೆಟೊನೇ ಬೇಕಾ?

ಪ್ರಶ್ನೆ: ನಮ್ಮತ್ತೆಗೆ ಸಾರಿಗೆ ನಾಟಿ ಟೊಮೆಟೊನೇ ಆಗ್ಬೇಕು, ಹೈಬ್ರಿಡ್‌ನಲ್ಲಿ ರುಚೀನೂ ಇಲ್ಲ ಸತ್ವಾನೂ ಇಲ್ಲ ಅಂತಾರೆ. ದೇವರಾಜ ಮಾರ್ಕೆಟ್ಟೆಲ್ಲ ಸುತ್ತಿ ನಾಟಿ ಹುಡುಕಿ ತರ್ತೀನಿ. ನಿಜವಾಗ್ಲೂ ಅಷ್ಟು ವ್ಯತ್ಯಾಸ ಇದ್ಯಾ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ರುಚಿ ವಿಷ್ಯದಲ್ಲಿ ನಿಮ್ಮತ್ತೆ ಮಾತು ತೆಗೆದುಹಾಕೋ ಹಂಗಿಲ್ಲ ಮೇಡಂ. ಹಳೇ ತಳಿ ಕಾಯಿಗಳಲ್ಲಿ ತೊಟ್ಟಿನ ಸುತ್ತ ಕಡು ಹಸಿರು ಇರುತ್ತಲ್ಲ, ಹಣ್ಣಾದಾಗ ಬಣ್ಣ ಒಂದೇ ಸಮ ಬರ್ಲಿ ಅಂತ ತಳಿ ಮಾಡೋರು ಅದಿಲ್ಲದ ಗಿಡಗಳನ್ನೇ ಆರಿಸ್ಕೊಂಡು ಬಂದ್ರು, ಆದ್ರೆ ಆ ಹಸಿರು ಸುಮ್ನೆ ಇರ್ಲಿಲ್ಲ, ಕಾಯೊಳಗೇ ಸ್ವಲ್ಪ ಸಕ್ಕರೆ ತಯಾರಾಗೋಕೆ ಅದು ಬೇಕಿತ್ತು. ಅದರ ಹಿಂದಿರೋ ಜೀನ್ ಯಾವ್ದು ಅಂತ ಗೊತ್ತಾಗಿದ್ದು 2012ರಲ್ಲಿ, ಅದು ಕೆಟ್ಟಿರೋ ತಳಿಗಳಲ್ಲಿ ಸಕ್ಕರೆ, ಲೈಕೋಪೀನ್ (ಹಣ್ಣಿನ ಕೆಂಪು ಬಣ್ಣದ ವಸ್ತು) ಎರಡೂ ಕಮ್ಮಿ ಅಂತಾನೂ ಆಗ್ಲೇ ಕಂಡಿದ್ದು. ಜೊತೆಗೆ ದಪ್ಪ ಹಣ್ಣು ಬೇಕು ಅಂತ ಹೋದಷ್ಟೂ ಸಿಹಿ ಇಳೀತು. ಮೇಲಿಂದ ಲಾರಿ ಪ್ರಯಾಣಕ್ಕೆ ಅಂತ ಅರೆಗಾಯಲ್ಲೇ ಕಿತ್ತುಬಿಡ್ತಾರೆ. ಇನ್ನೇನು ರುಚಿ ಉಳಿಯುತ್ತೆ ಹೇಳಿ!

ಸತ್ವದ ಕಥೆ ಬೇರೆ. ಅದು ನಾಟಿ, ಹೈಬ್ರಿಡ್ ಅನ್ನೋ ಲೇಬಲ್ ಮೇಲೆ ನಿಂತಿಲ್ಲ, ಆ ತಳಿ ಯಾವ್ದು, ಗಿಡದಲ್ಲಿ ಎಷ್ಟು ಹಣ್ಣಾಗಿತ್ತು ಅನ್ನೋದ್ರ ಮೇಲಿದೆ. ಕೆಂಪು ಬಣ್ಣ ಕೊಡೋದೇ ಲೈಕೋಪೀನ್, ಆದ್ರಿಂದ ಚೆನ್ನಾಗಿ ಕೆಂಪಾದ ಹೈಬ್ರಿಡ್ಡು ಅರೆಗೆಂಪಿನ ನಾಟಿಗಿಂತ ಮುಂದಿರಬಹುದು. ಎಣ್ಣೇಲಿ ಬೇಯಿಸಿದ್ರೆ ಲೈಕೋಪೀನ್ ಮೈಗೆ ಇನ್ನೂ ಚೆನ್ನಾಗಿ ಹತ್ತುತ್ತೆ, ವಿಟಮಿನ್ ಸಿ ಮಾತ್ರ ಬೇಯೋವಾಗ ಕಮ್ಮಿಯಾಗುತ್ತೆ, ಹಂಗಾಗಿ ಒಂದಿನ ಗೊಜ್ಜು, ಒಂದಿನ ಕೋಸಂಬರಿ ಅಂತಿಟ್ಕೊಳ್ಳಿ. ಫ್ರಿಜ್ಜಿಗೆ ಮಾತ್ರ ಹಾಕ್ಬೇಡಿ, ಆ ತಣ್ಣಗೆ ಘಮಾನೇ ಹೋಗುತ್ತೆ.

ಅಂದ್ಹಾಗೆ ನಾಟಿ ಟೊಮೆಟೊನೂ ಈ ಮಣ್ಣಿಂದಲ್ಲ. ಮೂಲ ಪೆರು, ಈಕ್ವೆಡಾರ್ ಕಡೆ, ಅಲ್ಲಿನ ಕಾಡು ಹಣ್ಣು ಸುಂಡೆಕಾಯಿ ಗಾತ್ರ ಅಷ್ಟೆ. ಮೆಕ್ಸಿಕೋ, ಯುರೋಪ್ ಸುತ್ತಿ ಪೋರ್ಚುಗೀಸರ ಜೊತೆ ನಮ್ಮಲ್ಲಿಗೆ ಬರೋಷ್ಟರಲ್ಲಿ ಕೆಲವೇ ಗಿಡಗಳ ಸಂತಾನ ಉಳ್ಕೊಂಡಿತ್ತು, ಅದಕ್ಕೇ ಆಕಾರ ಬಣ್ಣ ನೂರೆಂಟು ಇದ್ರೂ ಒಳಗಿನ ಜೀನ್‌ಗಳಲ್ಲಿ ವೈವಿಧ್ಯ ತೀರಾ ಕಮ್ಮಿ, ಹೊಸ ರೋಗ ಬಂದಾಗ ತಡೆಯೋ ಗುಣ ಹುಡ್ಕೊಂಡು ಮತ್ತೆ ಕಾಡು ತಳಿಗಳ ಹತ್ರಾನೇ ಹೋಗ್ಬೇಕು. ಎಲೆಮುದುರು ರೋಗ ತಡೆಯೋ ಜೀನ್‌ಗಳು ಸಿಕ್ಕಿದ್ದೂ ಹಂಗೇನೇ.

ಪ್ರಶ್ನೆ: ಅರ್ಕಾ ರಕ್ಷಕ್ ಟೊಮೆಟೊ ಹಾಕಿದ್ದೆ, ಚೆನ್ನಾಗಿ ಬಂತು. ಅದೇ ಹಣ್ಣಿನ ಬೀಜ ತೆಗೆದಿಟ್ಟು ಮುಂದಿನ ಸಲ ಹಾಕ್ಬಹುದಾ ಸಾರ್?
– ರೈತರು, ಮದ್ದೂರು, ಮಂಡ್ಯ ಜಿಲ್ಲೆ

ಉತ್ತರ: ಬೇಡಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಆ ತಳಿ ಎಲೆಮುದುರು, ಸೊರಗು ರೋಗ, ಅಂಗಮಾರಿ ಮೂರನ್ನೂ ತಡೆಯುತ್ತೆ ನಿಜ, ಆದ್ರೆ ಅದು ಎಫ್-1 ಹೈಬ್ರಿಡ್, ಅಂದ್ರೆ ಎರಡು ತಳಿ ಸೇರಿಸಿದ ಮೊದಲ ಪೀಳಿಗೆ, ಅದರ ಬೀಜದಲ್ಲಿ ಒಂದು ಗಿಡ ಒಂಥರ ಇನ್ನೊಂದು ಇನ್ನೊಂಥರ ಬರುತ್ತೆ. ಬೀಜ ಇಟ್ಕೊಳ್ಳೋ ಆಸೆ ಇದ್ರೆ ಅರ್ಕಾ ವಿಕಾಸ್ ತರದ ಶುದ್ಧ ತಳಿ ಹಾಕಿ. ರೋಗ ಇಲ್ದಿರೋ ಗಿಡದಲ್ಲಿ ಪೂರ್ತಿ ಮಾಗಿದ ಹಣ್ಣು ಆರಿಸಿ, ತಿರುಳು ಸಮೇತ ಒಂದೆರಡು ದಿನ ಹುಳಿ ಬರೋಕೆ ಬಿಟ್ಟು, ತೊಳೆದು ನೆರಳಲ್ಲಿ ಒಣಗಿಸಿ.